‘ದವಡೆ ಕೀಲಿಗೆ ಪ್ಲೇಟ್ ಹಾಕಲೇಬೇಕಾ?’

‘ಮೂಳೆ ತಾನಾಗೇ ಕೂಡಿಕೊಳ್ಳುತ್ತಲ್ವಾ ಡಾಕ್ಟ್ರೇ, ಲೋಹದ ಪ್ಲೇಟ್ ಯಾಕೆ?’ ದವಡೆ ಕೀಲು ಮುರಿದವರೂ ಅವರ ಜೊತೆ ಬಂದವರೂ ಕೇಳುವುದು ಇದನ್ನೇ. ಕೂಡಿಕೊಳ್ಳುತ್ತೆ, ಒಪ್ಪಿದೆ. ಎಲ್ಲಿ ಹೋಗಿ ಕೂಡಿಕೊಳ್ಳುತ್ತೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಗದ್ದಕ್ಕೆ ಬಿದ್ದ ಪೆಟ್ಟಿನ ಬಲ ಮೇಲೆ ಸಾಗಿ ಕಿವಿಯ ಮುಂದೆ ಕೀಲಿನಲ್ಲಿ ಕೂರುವ ದವಡೆ ಮೂಳೆಯ ಗುಂಡು ತಲೆ, ಅಂದರೆ ಕಾಂಡೈಲ್‌ನ ಕುತ್ತಿಗೆ (ಅದರ ಕೆಳಗಿನ ಸಪೂರ ಭಾಗ) ಮುರಿಯುತ್ತದೆ. (ಗದ್ದದ ಗಾಯಕ್ಕೆ ಹೊಲಿಗೆ ಹಾಕಿ ಕಳಿಸಿಬಿಡುವವರು ಕೀಲನ್ನೂ ಒಮ್ಮೆ ನೋಡಿದರೆ ಪುಣ್ಯ.) ಮುರಿದ ತುಂಡನ್ನು ಲ್ಯಾಟರಲ್ ಟೆರಿಗಾಯ್ಡ್ ಸ್ನಾಯು ಮುಂದಕ್ಕೂ ಒಳಕ್ಕೂ ಎಳೆಯುತ್ತದೆ. ದವಡೆಯ ಹಿಂಭಾಗದ ಎತ್ತರ ಕುಗ್ಗುತ್ತದೆ. ಆ ಬದಿಯ ಹಿಂದಿನ ಹಲ್ಲುಗಳು ಮೊದಲೇ ತಾಗುತ್ತವೆ, ಬಾಯಿ ತೆರೆದರೆ ಗದ್ದ ಅತ್ತಲೇ ವಾಲುತ್ತದೆ. ಎರಡೂ ಕಡೆ ಮುರಿದಿದ್ದರೆ ಮುಂದಿನ ಹಲ್ಲುಗಳು ಒಂದಕ್ಕೊಂದು ಮುಟ್ಟದೇ ಉಳಿಯಬಹುದು.

ಹಾಗಂತ ಎಲ್ಲರ ಮೇಲೂ ಚಾಕು ಎತ್ತುವುದಿಲ್ಲ. ತುಂಡು ಜರುಗಿಲ್ಲ, ಹಲ್ಲು ಸರಿಯಾಗಿ ಕೂರುತ್ತಿದೆ ಅಂದರೆ ಮೆತ್ತನೆಯ ಊಟ, ಕಚ್ಚುವಿಕೆ ಜಾರದಂತೆ ಹಲ್ಲಿಗೆ ರಬ್ಬರ್, ವ್ಯಾಯಾಮ ಸಾಕು. ಚಿಕ್ಕ ಮಕ್ಕಳ ಕೀಲು ಬೆಳೆಯುತ್ತಾ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ಅಲ್ಲಿ ಪ್ಲೇಟ್ ಅಪರೂಪ. ದೊಡ್ಡವರಲ್ಲಿ ತುಂಡು 10 ಡಿಗ್ರಿಗಿಂತ ಹೆಚ್ಚು ಬಾಗಿದ್ದರೆ, ಅಥವಾ ಎತ್ತರ 2 ಮಿ.ಮೀ.ಗಿಂತ ಹೆಚ್ಚು ಕುಗ್ಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಕಾಂಡೈಲ್ ತಲೆಬುರುಡೆಯೊಳಗೆ ನುಗ್ಗಿದ್ದರಂತೂ ಚರ್ಚೆಗೆ ಜಾಗವೇ ಇಲ್ಲ.

ಆಮೇಲೆ ಶುರುವಾಗುವುದು ಚೌಕಾಸಿ: ‘ಒಂದೇ ಪ್ಲೇಟ್ ಸಾಲದಾ?’ ಕುತ್ತಿಗೆಯ ಬುಡದ ಮುರಿತಕ್ಕೆ ಸಾಮಾನ್ಯವಾಗಿ ಸಾಲದು. ಅಗಿಯುವಾಗ ಹಿಂದಿನ ಅಂಚು ಒತ್ತಿಕೊಳ್ಳುತ್ತದೆ, ಮುಂದಿನ ಅಂಚು ಬಿಚ್ಚಿಕೊಳ್ಳಲು ನೋಡುತ್ತದೆ. ಒಂದೇ ಸಣ್ಣ ಪ್ಲೇಟ್ ಬಾಗುತ್ತದೆ, ಇಲ್ಲವೇ ಸ್ಕ್ರೂ ಸಡಿಲಾಗುತ್ತದೆ. ಅದಕ್ಕೇ ಒಂದು ಹಿಂದಿನ ಅಂಚಿಗೆ, ಇನ್ನೊಂದು ಸಿಗ್ಮಾಯ್ಡ್ ತಗ್ಗಿನ (ಕಾಂಡೈಲ್ ಮುಂದೆ ದವಡೆ ಮೂಳೆಯ ಮೇಲಂಚಿನಲ್ಲಿರುವ ಬಾಗು) ಕೆಳಗೆ. ಪ್ರತಿ ಪ್ಲೇಟಿಗೂ ಮುರಿತದ ಆಚೆ ಎರಡು, ಈಚೆ ಎರಡು ಸ್ಕ್ರೂ. ಮೊದಲು ಹಲ್ಲುಗಳನ್ನು ಸರಿಯಾಗಿ ಕೂರಿಸಿ ತಂತಿಯಿಂದ ಬಿಗಿಯುವುದು, ದವಡೆಯ ಮೂಲೆಯನ್ನು ಕೆಳಗೆಳೆದು ಜಾಗ ಮಾಡಿಕೊಂಡು ತುಂಡನ್ನು ಕೂರಿಸುವುದು, ಪ್ಲೇಟ್ ಹಾಕಿದ ಮೇಲೆ ತಂತಿ ಬಿಚ್ಚಿ ಕಚ್ಚಿಸಿ ನೋಡುವುದು. ಈ ಕೊನೆಯದನ್ನು ಬಿಟ್ಟರೆ ತಪ್ಪು ವಾರ್ಡಿನಲ್ಲಿ ಬಯಲಾಗುತ್ತದೆ.

‘ಮುಖ ಸೊಟ್ಟಗಾಗುತ್ತಾ?’ ಮುಖದ ನರ ಅಲ್ಲೇ ಹಾದುಹೋಗುತ್ತದೆ, ಎಳೆದಾಟದಿಂದ ಅದು ಸೋಲಬಹುದು. ಬಹುತೇಕ ಕೆಲ ತಿಂಗಳಲ್ಲಿ ಸರಿಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಜೊಲ್ಲುಗ್ರಂಥಿಯನ್ನು ದಾಟಿ ಹೋದಾಗ ಗಾಯದಲ್ಲಿ ಜೊಲ್ಲು ಸೋರುವುದೂ ಉಂಟು.

ಇಷ್ಟೆಲ್ಲ ಕೇಳುವವರು ಕೇಳದೇ ಬಿಡುವುದು ಒಂದನ್ನೇ: ‘ಬಾಯಿ ಆಡಿಸಲು ಯಾವಾಗ ಶುರು ಮಾಡಲಿ?’ ಪ್ಲೇಟ್ ಗಟ್ಟಿಯಾಗಿದ್ದರೆ ಮೊದಲ ವಾರದಲ್ಲೇ, ನೋವಿದ್ದರೂ. ಕನ್ನಡಿಯ ಮುಂದೆ ನಿಂತು, ಗದ್ದ ನಡುಗೆರೆ ಬಿಡದಂತೆ ತೆರೆಯಿರಿ. ಮುಂದಿನ ಹಲ್ಲುಗಳ ನಡುವಿನ ಅಂತರ ಅಳೆದು ಬರೆದಿಡಿ. ಅದು 35–40 ಮಿ.ಮೀ. ಮುಟ್ಟಬೇಕು. ಮಕ್ಕಳ ಬಾಯಿಯನ್ನು ವಾರಗಟ್ಟಲೆ ಕಟ್ಟಿಟ್ಟರೆ ಕೀಲೇ ಬೆಸೆದುಕೊಳ್ಳಬಹುದು. ಅಳತೆ ಏರದೆ ಒಂದೇ ಕಡೆ ನಿಂತರೆ ಆ ವಾರವೇ ಬನ್ನಿ.