ಪೋಡಿನಿಂದ ಪೋಡಿಗೆ: ಬಿಳಿಗಿರಿಯ ಕಾಡಿನಲ್ಲಿ ಆಶಾ ಕಾರ್ಯಕರ್ತೆಯೊಬ್ಬರೊಡನೆ

ಯಳಂದೂರಿನಿಂದ ಹೊರಟ ಬಸ್ಸು ಗುಂಬಳ್ಳಿಯ ಚೆಕ್‌ಪೋಸ್ಟ್ ದಾಟಿದೊಡನೆ ಬಯಲು ಹಿಂದಾಗಿ ಬಿಳಿಗಿರಿರಂಗನ ಬೆಟ್ಟದ ಏರು ಆರಂಭವಾಗುತ್ತದೆ. ಈ ದಾರಿಯಲ್ಲಿ ಬರುವವರು ಬಹುಪಾಲು ರಂಗನಾಥನ ದರ್ಶನಕ್ಕೋ ಸಫಾರಿಗೋ ಬರುತ್ತಾರೆ. ನಾನು ಡಿಸೆಂಬರ್ ತಿಂಗಳಲ್ಲಿ ಅಲ್ಲಿಗೆ ಹೋದದ್ದು, ಕಾಡಿನೊಳಗಿನ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಕೆಲಸ ಮಾಡುವ ಆಶಾ ಕಾರ್ಯಕರ್ತೆಯೊಬ್ಬರ ದಿನಚರಿಯನ್ನು ಹತ್ತಿರದಿಂದ ನೋಡುವುದಕ್ಕಾಗಿ. ಅವರೂ ಸೋಲಿಗರೇ. ಅವರು ಭೇಟಿ ಕೊಡುವ ಮನೆಗಳ ಕಾಯಿಲೆಯ ವಿಷಯ ಇಲ್ಲಿ ಬರುವುದರಿಂದ ಅವರ ಹೆಸರನ್ನಾಗಲಿ ಪೋಡುಗಳ ಹೆಸರನ್ನಾಗಲಿ ಬರೆಯುತ್ತಿಲ್ಲ.

ಈ ಬೆಟ್ಟಕ್ಕೆ ಆರೋಗ್ಯ ಸೇವೆಯ ಒಂದು ದೊಡ್ಡ ಪರಂಪರೆಯೇ ಇದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಸರ್ಕಾರದ ಆಶಾ ಯೋಜನೆ ಬಂದದ್ದು ಅದಕ್ಕೆ ಎಷ್ಟೋ ಕಾಲದ ನಂತರ, 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ. ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂಬುದು ಅದರ ನಿಯಮ. ಬೆಟ್ಟಗುಡ್ಡ ಮತ್ತು ಬುಡಕಟ್ಟು ಪ್ರದೇಶಗಳಿಗೆ ಈ ಲೆಕ್ಕದಲ್ಲಿ ಸಡಿಲಿಕೆಯುಂಟು. ಆ ಸಡಿಲಿಕೆ ಏಕೆ ಬೇಕೆಂಬುದು ಒಂದು ಪೋಡಿನಿಂದ ಇನ್ನೊಂದಕ್ಕೆ ನಡೆದವರಿಗೆ ತಾನಾಗಿ ಅರ್ಥವಾಗುತ್ತದೆ. ಲಂಟಾನ ಪೊದೆಗಳು ಎರಡೂ ಕಡೆಯಿಂದ ಒತ್ತಿಕೊಂಡು ಬಂದಿರುವ ಕಾಲುದಾರಿಯಲ್ಲಿ ಹತ್ತು ಹೆಜ್ಜೆಯ ಆಚೆ ಏನಿದೆಯೆಂದು ಕಾಣುವುದಿಲ್ಲ. ಆನೆಯ ಲದ್ದಿ ಕಂಡಲ್ಲಿ ನನ್ನೊಡನಿದ್ದ ಆಶಾ ಕಾರ್ಯಕರ್ತೆ ನಿಂತು, ಅದು ಹಸಿಯಾಗಿದೆಯೇ ಒಣಗಿದೆಯೇ ಎಂದು ನೋಡಿ, ಆಮೇಲೆ ಹೆಜ್ಜೆ ಇಡುತ್ತಿದ್ದರು.

ಹೆಗಲ ಚೀಲದಲ್ಲಿ ಕಬ್ಬಿಣಾಂಶದ ಮಾತ್ರೆ, ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ಮಗುವನ್ನು ತೂಗುವ ತಕ್ಕಡಿ ಮತ್ತು ಮಡಿಕೆ ಬಿದ್ದ ಒಂದು ದಪ್ಪ ರಿಜಿಸ್ಟರ್ ಇದ್ದವು. ಮೊದಲ ಮನೆಯಲ್ಲಿ ಬಾಣಂತಿಯೊಬ್ಬರಿದ್ದರು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ತಾಯಿ ಮಗುವನ್ನು ನೋಡಬೇಕು. ಮನೆಯಲ್ಲೇ ಆದರೆ ಮೊದಲ ದಿನವೂ ಸೇರಿ ಏಳು ಸಲ. ಅವರು ಕೈ ತೊಳೆದುಕೊಂಡು, ಮಗುವಿನ ಹೊಕ್ಕುಳು ನೋಡಿ, ಬೆಚ್ಚಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೂಗಿ, ಮತ್ತೆ ಅಷ್ಟೇ ಬೆಚ್ಚಗೆ ಸುತ್ತಿ ತಾಯಿಯ ಎದೆಗೆ ಕೊಟ್ಟರು. ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸು ಅದು, ಈಗ ಮೈ ತುಂಬಿಕೊಳ್ಳುತ್ತಿತ್ತು. ತೂಕ ಓದಿದಾಗ ಅವರ ಮುಖದಲ್ಲಿ ಕಂಡ ಸಮಾಧಾನವನ್ನು ಬರೆಯಲು ರಿಜಿಸ್ಟರಿನಲ್ಲಿ ಕಲಂ ಇಲ್ಲ. ಇಷ್ಟೂ ಭೇಟಿಗಳು ಪೂರ್ಣಗೊಂಡರೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಕಾಡುದಾರಿಯಲ್ಲಿ ಆರು ಸಲ ಹೋಗಿ ಬರುವ ಕೆಲಸಕ್ಕೆ ಇದು ನ್ಯಾಯವಾದ ಬೆಲೆಯಲ್ಲವೆಂದೇ ನನ್ನ ಅಭಿಪ್ರಾಯ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಧರಣಿ ಕುಳಿತದ್ದು ಇಂಥ ಲೆಕ್ಕಗಳ ಕಾರಣದಿಂದಲೇ.

ಎರಡನೆಯ ಮನೆಯಲ್ಲಿ ಬಸುರಿ ಹೆಣ್ಣುಮಗಳೊಬ್ಬಳು ಕಬ್ಬಿಣಾಂಶದ ಮಾತ್ರೆಗಳನ್ನು ಹಾಗೆಯೇ ಉಳಿಸಿಟ್ಟಿದ್ದಳು. "ನುಂಗುದ್ರ ವಾಂತಿ ಬತ್ತದ ಕನಕ್ಕ" ಎಂದಳು. ಇವರು ಗದರಲಿಲ್ಲ. ಒಲೆಯ ಬಳಿ ಕುಳಿತು, ರಾತ್ರಿ ಮುದ್ದೆ ಉಂಡಾದ ಮೇಲೆ ನುಂಗಿ ನೋಡು ಎಂದರು. ಮಲ ಕಪ್ಪಗಾದರೆ ಹೆದರಬೇಡ, ಅದು ಮಾತ್ರೆಯ ಗುಣ ಎಂದರು. ತಮ್ಮ ಬಸಿರಿನಲ್ಲಿ ತಮಗೂ ಹೀಗೇ ಆಗಿತ್ತೆಂದು ಹೇಳಿದರು. ದಿನಕ್ಕೊಂದರಂತೆ 180 ಮಾತ್ರೆ ಕೊಡಬೇಕೆಂಬುದು ನಿಯಮ. ಆದರೆ ಕೊಟ್ಟ ಮಾತ್ರೆ ಹೊಟ್ಟೆಗೆ ಸೇರಬೇಕಾದರೆ ಹೀಗೆ ಒಲೆಯ ಬಳಿ ಕೂರಲೇಬೇಕು, ಅದಕ್ಕೆ ಆ ಮನೆಯ ಮಾತನ್ನೇ ಆಡುವವರು ಬೇಕು.

ಈ ಸಮುದಾಯದಲ್ಲಿ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆಯೂ ಇದೆ. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ ಕೀಲುಗಳಲ್ಲಿ ತಡೆಯಲಾರದ ನೋವು ಬರುತ್ತದೆ. ಚಳಿ ಮತ್ತು ನೀರಿನ ಕೊರತೆ ಅದನ್ನು ಕೆರಳಿಸುತ್ತವೆ. ಇದನ್ನು 2047ರೊಳಗೆ ನಿವಾರಿಸುವ ಗುರಿಯ ರಾಷ್ಟ್ರೀಯ ಅಭಿಯಾನ 2023ರ ಜುಲೈನಲ್ಲಿ ಆರಂಭವಾಯಿತು. ನಾವು ಹೋದ ಮನೆಯೊಂದರಲ್ಲಿ ಶಾಲೆಗೆ ಹೋಗುವ ಹುಡುಗನಿಗೆ ಆ ಕಾಯಿಲೆಯಿತ್ತು. ಹಿಂದಿನ ರಾತ್ರಿಯ ಚಳಿಗೆ ಅವನ ಕಾಲು ನೋಯುತ್ತಿತ್ತು. ಇವರು ಜ್ವರ ನೋಡಿದರು, ಕಣ್ಣು ಹಳದಿಯಾಗಿದೆಯೇ ಎಂದು ನೋಡಿದರು, ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಗುಳಿಗೆಗಳನ್ನು ಎಣಿಸಿದರು, ನೀರಿನ ಬಾಟಲಿಯನ್ನು ಅವನ ಕೈಗೇ ಕೊಟ್ಟು ಕುಡಿಸಿದರು. ಜ್ವರ ಬಂದರೆ ಅಥವಾ ಎದೆ ನೋವೆಂದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೊರಡಬೇಕೆಂದು ತಂದೆಗೆ ಮತ್ತೆ ಮತ್ತೆ ಹೇಳಿದರು.

ಹೊರಗೆ ಬಂದ ಮೇಲೆ ಅವರಿಗೆ ಹೆಚ್ಚು ಕಷ್ಟವೆನಿಸುವ ಕೆಲಸ ಯಾವುದೆಂದು ಕೇಳಿದೆ. ಮದುವೆಯ ಮಾತುಕತೆ ನಡೆಯುವ ಮನೆಗೆ ಹೋಗುವುದು ಎಂದರು. ಗಂಡು ಹೆಣ್ಣು ಇಬ್ಬರೂ ಈ ಕಾಯಿಲೆಯ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆಯಿಲ್ಲದಿದ್ದರೂ ಅದನ್ನು ಮಕ್ಕಳಿಗೆ ದಾಟಿಸಬಲ್ಲವರಾಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಕುಲ ನೋಡಿ ಸಂಬಂಧ ಕೂಡಿಸುವ ಹಿರಿಯರ ಮುಂದೆ, ರಕ್ತ ಪರೀಕ್ಷೆಯ ಚೀಟಿಯನ್ನೂ ನೋಡಿ ಎಂದು ಹೇಳುವುದು ಸುಲಭವಲ್ಲ. ಹೆಣ್ಣಿಗೆ ಕೆಟ್ಟ ಹೆಸರು ಬರದಂತೆ ಹೇಳುವುದು ಇನ್ನೂ ಕಷ್ಟ. ಹಾಗಾಗಿ ಅವರು ಮೊದಲು ಗಂಡಿನ ಮನೆಯವರನ್ನೇ ಪರೀಕ್ಷೆಗೆ ಒಪ್ಪಿಸುತ್ತಾರಂತೆ. ಈ ಕ್ರಮ ತರಬೇತಿಯಲ್ಲಿ ಕಲಿತದ್ದಲ್ಲ, ತಾವೇ ಕಂಡುಕೊಂಡದ್ದು ಎಂದರು.

ಮಧ್ಯಾಹ್ನದ ಹೊತ್ತಿಗೆ ತಲುಪಿದ ಪೋಡಿನಲ್ಲಿ ಕೆಲವು ಮನೆಗಳಿಗೆ ಬೀಗ ಬಿದ್ದಿತ್ತು. ಕಾಫಿ ಕೊಯ್ಲಿನ ಕಾಲದಲ್ಲಿ ಕುಟುಂಬಗಳು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತವೆ. ಹಾಗೆ ಹೋದ ಮನೆಯೊಂದರಲ್ಲಿ ಒಂಬತ್ತು ತಿಂಗಳು ತುಂಬಿದ ಮಗುವಿತ್ತು. ಅದಕ್ಕೆ ದಡಾರ–ರುಬೆಲ್ಲಾ ಲಸಿಕೆ ಬಾಕಿ ಇತ್ತು. ಹೊರಡುವ ಮೊದಲೇ ಇವರು ಲಸಿಕೆಯ ವಿವರವಿರುವ ‘ತಾಯಿ ಕಾರ್ಡ್’ ಅನ್ನು ಬಟ್ಟೆಯ ಗಂಟಿನಲ್ಲಿ ಇಡಿಸಿ ಕಳುಹಿಸಿದ್ದರು. ಪೋಡಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಕಾರಣ ನಾವು ಸ್ವಲ್ಪ ದೂರದ ಬಂಡೆಯೊಂದರ ಮೇಲೆ ಹತ್ತಿದೆವು. ಮಗುವಿನ ತಂದೆಗೆ ಕರೆ ಹೋಯಿತು. ತೋಟದ ಹೆಸರು ಸಿಕ್ಕಿತು. ಆಮೇಲೆ ಕರೆ ಆಶಾ ಮೇಲ್ವಿಚಾರಕಿಗೆ, ಮೇಲ್ವಿಚಾರಕಿಯ ಮೂಲಕ ಆ ಊರಿನ ಆಶಾ ಕಾರ್ಯಕರ್ತೆಗೆ. ಗುರುವಾರ ಅಲ್ಲಿನ ಅಂಗನವಾಡಿಯಲ್ಲಿ ಲಸಿಕೆ ಹಾಕುತ್ತಾರೆ, ತಾನೇ ತೋಟದ ಕೂಲಿಯವರ ಲೈನ್‌ಮನೆಗೆ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಆ ಕಡೆಯ ಹೆಣ್ಣುಮಗಳು ಹೇಳಿದಳು. ಇವರು ಮಗುವಿನ ಹೆಸರು, ಹುಟ್ಟಿದ ತಾರೀಕು, ಹಿಂದೆ ಹಾಕಿಸಿದ ಲಸಿಕೆಗಳನ್ನೆಲ್ಲ ಒಂದೊಂದಾಗಿ ಓದಿ ಬರೆಸಿ, ರಿಜಿಸ್ಟರಿನ ಅಂಚಿನಲ್ಲಿ "ಗುರುವಾರ ಸಂಜೆ ಕೇಳುವುದು" ಎಂದು ಗುರುತು ಹಾಕಿಕೊಂಡರು.