ಲಿನಕ್ಸ್ ಹಾಕ್ಕೊಂಡೆ, ಈಗ ಯಾವ ಸಾಫ್ಟ್‌ವೇರ್ ಹಾಕಲಿ ಅಂತ ಕೇಳುವವರಿಗೆ

ಪ್ರಶ್ನೆ ಬರುವ ರೀತಿ ಹೆಚ್ಚುಕಮ್ಮಿ ಒಂದೇ. "ಲಿನಕ್ಸ್ ಹಾಕ್ಕೊಂಡೆ. ಈಗ ಯಾವ್ಯಾವ ಸಾಫ್ಟ್‌ವೇರ್ ಹಾಕ್ಕೋಬೇಕು? ಒಂದು ಲಿಸ್ಟ್ ಕಳಿಸಿಬಿಡಿ." ಲಿಸ್ಟ್ ಕಳಿಸುವುದು ನನಗೆ ಎರಡು ನಿಮಿಷದ ಕೆಲಸ ಎಂಬ ನಂಬಿಕೆ ಅವರಿಗೆ. ನಿಜಕ್ಕೂ ಎರಡು ನಿಮಿಷದ್ದೇ. ಅದರ ಬೆನ್ನಿಗೆ ಬರುವ ಫೋನ್ ಕರೆಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತಲ್ಲ, ಆಮೇಲೆ ಈ ಕಾಟ ಜಾಸ್ತಿಯಾಗಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರಬೇಕು. ಗಟ್ಟಿಮುಟ್ಟಾಗಿ ಓಡುತ್ತಿದ್ದ ಎಷ್ಟೋ ಕಂಪ್ಯೂಟರ್‌ಗಳು ಈ ನಿಯಮದಿಂದಾಗಿ ಒಂದೇ ಏಟಿಗೆ ಹಳೆಯವಾದವು. ಅವನ್ನು ಎಸೆಯಲು ಮನಸ್ಸಾಗದೆ ಮಿಂಟೋ ಉಬುಂಟುವೋ (ವಿಂಡೋಸ್ ಬದಲು ಹಾಕುವ ಲಿನಕ್ಸ್‌ನ ಬಗೆಗಳು) ಹಾಕಿಕೊಂಡವರ ಮೇಲೆ ನನಗೆ ಗೌರವವಿದೆ. ಅವರ ಪ್ರಶ್ನೆಯ ಮೇಲೆ ಇಲ್ಲ. ಹಾಗಾಗಿ ಇನ್ನು ಮುಂದೆ ಬಾಯಲ್ಲಿ ಉತ್ತರ ಕೊಡುವುದಿಲ್ಲ, ಇದನ್ನೇ ಕಳಿಸುತ್ತೇನೆ.

ಮೊದಲನೆಯ ಮಾತು: ಏನೂ ಹಾಕಬೇಡಿ. ಮೆನು ತೆರೆದು ಒಳಗೇನಿದೆ ಅಂತ ನೋಡಿ. ವಿಂಡೋಸ್ ಹೊಸದಾಗಿ ಹಾಕಿದಾಗ ಅರ್ಧ ದಿನ ಒಂದೊಂದೇ ಪ್ರೋಗ್ರಾಂ ಇಳಿಸುತ್ತ ಕೂತ ಅಭ್ಯಾಸ ನಮ್ಮದು. ಇಲ್ಲೂ ಹಾಗೇ ಅಂದುಕೊಂಡಿರುತ್ತೇವೆ. ಲಿನಕ್ಸ್ ಮಿಂಟ್ ಮಾಮೂಲಿಯಾಗಿ ಹಾಕಿದರೆ ಬ್ರೌಸರ್ ಫೈರ್‌ಫಾಕ್ಸ್ ಇರುತ್ತದೆ, ವರ್ಡ್, ಎಕ್ಸೆಲ್ ಕೆಲಸಕ್ಕೆ ಲಿಬ್ರೆಆಫೀಸ್ ಇರುತ್ತದೆ, ಮೇಲ್‌ಗೆ ಥಂಡರ್‌ಬರ್ಡ್ ಇರುತ್ತದೆ. ಪಿಡಿಎಫ್ ತೆರೆಯುತ್ತದೆ, ಜಿಪ್ ಬಿಚ್ಚುತ್ತದೆ, ಹಾಡು ಕೇಳಬಹುದು, ವಿಡಿಯೋ ನೋಡಬಹುದು. ಒಬ್ಬರು ಜಿಪ್ ಬಿಚ್ಚುವ ವಿನ್‌ರಾರ್‌ನ ಡಾಟ್ ಇಎಕ್ಸ್ಇ (ವಿಂಡೋಸ್‌ಗೆಂದೇ ಮಾಡಿದ ಫೈಲು) ಇಳಿಸಿಕೊಂಡು "ಡಬಲ್ ಕ್ಲಿಕ್ ಮಾಡಿದ್ರೂ ಏನೂ ಆಗ್ತಿಲ್ಲ, ನಿಮ್ಮ ಲಿನಕ್ಸ್ ಹ್ಯಾಂಗ್ ಆಗಿದೆ" ಅಂತ ದೂರು ಕೊಟ್ಟರು. ನನ್ನ ಲಿನಕ್ಸಂತೆ. ಅವರು ಬಿಚ್ಚಬೇಕಾಗಿದ್ದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಎಕ್ಸ್‌ಟ್ರ್ಯಾಕ್ಟ್' ಒತ್ತಿದ್ದರೆ ಮುಗಿಯುತ್ತಿತ್ತು.

ಇನ್ನು ಡ್ರೈವರ್ ಅಪ್‌ಡೇಟರ್, ರಿಜಿಸ್ಟ್ರಿ ಕ್ಲೀನರ್, ಡಿಫ್ರಾಗ್. ಇವು ಮೂರನ್ನೂ ಮರೆತುಬಿಡಿ. ಬಹುಪಾಲು ಡ್ರೈವರ್‌ಗಳು ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಯಲ್ಲೇ ಬರುತ್ತವೆ. ಎನ್‌ವಿಡಿಯಾ ಕಾರ್ಡ್ ಇದ್ದರೆ ಮಿಂಟ್‌ನಲ್ಲಿ 'ಡ್ರೈವರ್ ಮ್ಯಾನೇಜರ್' ಅಂತ ಒಂದಿದೆ, ಅದರಲ್ಲಿ ನೋಡಿ. ತೊಳೆದು ಸ್ವಚ್ಛ ಮಾಡಲು ರಿಜಿಸ್ಟ್ರಿಯೇ ಇಲ್ಲ. ಅಷ್ಟಕ್ಕೂ ಈ ಸ್ವಚ್ಛತಾ ಸಾಫ್ಟ್‌ವೇರ್‌ಗಳನ್ನು ವಿಂಡೋಸ್‌ನಲ್ಲಾದರೂ ಯಾಕೆ ಅಷ್ಟು ನಂಬಿದ್ದಿರಿ ಅಂತ ಕೇಳಬೇಕೆನಿಸುತ್ತದೆ. 2017ರಲ್ಲಿ ಸಿಕ್ಲೀನರ್‌ನ ಒಂದು ಆವೃತ್ತಿಯೊಳಗೆ ಕಳ್ಳರು ತಮ್ಮ ಕೋಡ್ ಸೇರಿಸಿದ್ದರು. ಅದು ತಯಾರಕರದೇ ಸಹಿ ಹೊತ್ತು ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹೋಯಿತು.

ಇಲ್ಲಿ ಸಾಫ್ಟ್‌ವೇರ್ ಹಾಕುವ ದಾರಿಯೇ ಬೇರೆ. ಗೂಗಲ್‌ನಲ್ಲಿ ಹುಡುಕಿ, ನಾಲ್ಕು ಹಸಿರು 'ಡೌನ್‌ಲೋಡ್' ಗುಂಡಿಗಳಲ್ಲಿ ಅಸಲಿ ಯಾವುದು ಅಂತ ಊಹಿಸಿ ಒತ್ತುವ ಆಟ ಇಲ್ಲ. ನಿಮ್ಮ ಲಿನಕ್ಸ್‌ನ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಹೆಸರು ಬರೆದರೆ ಆಯಿತು. ಅದು ರೆಪೊಸಿಟರಿಯಿಂದ (ಆ ಲಿನಕ್ಸ್‌ನವರೇ ನೋಡಿಕೊಳ್ಳುವ ಭಂಡಾರ) ತರುತ್ತದೆ, ಸಹಿ ಸರಿಯಿದೆಯಾ ಅಂತ ತಾನೇ ನೋಡುತ್ತದೆ, ಮುಂದಿನ ಅಪ್‌ಡೇಟ್‌ನ ಹೊಣೆಯನ್ನೂ ಹೊರುತ್ತದೆ. ಹಾಗಂತ ಅಂಗಡಿಯಲ್ಲಿ ಇರುವುದೆಲ್ಲ ಚಿನ್ನವಲ್ಲ. 2018ರಲ್ಲಿ ಉಬುಂಟುವಿನ ಸ್ನ್ಯಾಪ್ ಸ್ಟೋರ್‌ನಲ್ಲಿ ಒಂದು ಪುಟ್ಟ ಆಟದೊಳಗೆ ಕ್ರಿಪ್ಟೋ ನಾಣ್ಯ ಅಗೆಯುವ (ನಿಮ್ಮ ಕಂಪ್ಯೂಟರ್ ದುಡಿಸಿ ಇನ್ನೊಬ್ಬರಿಗೆ ಹಣ ಮಾಡಿಕೊಡುವ) ಕೋಡ್ ಸಿಕ್ಕಿಬಿದ್ದಿತ್ತು. ಫ್ಲಾಟ್‌ಪ್ಯಾಕ್ (ಯಾವ ಲಿನಕ್ಸ್‌ನಲ್ಲೂ ಓಡುವಂತೆ ಕಟ್ಟಿದ ಸಾಫ್ಟ್‌ವೇರ್) ಹಾಕುವಾಗ, ತಯಾರಕರೇ ಕೊಟ್ಟದ್ದು ಅಂತ ಹೇಳುವ 'ವೆರಿಫೈಡ್' ಗುರುತು ಇದೆಯಾ ನೋಡಿ. 2024ರಲ್ಲಿ ಬಂದ ಮಿಂಟ್ 22ರಲ್ಲಿ ಆ ಗುರುತಿಲ್ಲದವನ್ನು ನೀವಾಗಿ ಹೇಳುವ ತನಕ ತೋರಿಸುವುದೇ ಇಲ್ಲ. ಇನ್ನು ಯಾವುದೋ ವಿಡಿಯೋ ನೋಡಿ 'ಸುಡೋ' (ಸಿಸ್ಟಂನ ಪೂರ್ತಿ ಅಧಿಕಾರ ಕೊಡುವ ಪದ) ಇರುವ ಉದ್ದನೆಯ ಸಾಲನ್ನು ಕಣ್ಣುಮುಚ್ಚಿ ಟರ್ಮಿನಲ್‌ಗೆ ಅಂಟಿಸುವವರಿಗೆ ನಾನು ಏನೂ ಹೇಳಲಾರೆ. ಅವರು ಕೇಳುವುದೂ ಇಲ್ಲ.

ಈಗ ನನ್ನ ತಲೆ ಕೆಡಿಸುವ ಇನ್ನೊಂದು ಧಾಟಿ: "ಫೋಟೋಶಾಪ್ ಬದಲು ಏನಿದೆ?" ಗಿಂಪ್ ಇದೆ ಅಂದರೆ, ಮಾರನೇ ದಿನ "ಗಿಂಪ್ ಫೋಟೋಶಾಪ್ ತರ ಇಲ್ಲ" ಅಂತ ಬರುತ್ತಾರೆ. ಇಲ್ಲ ಕಣ್ರೀ. 1996ರಿಂದ ಬೇರೆ ಜನ ಬೇರೆ ರೀತಿಯಲ್ಲಿ ಕಟ್ಟಿಕೊಂಡು ಬಂದದ್ದು ಅದು, ಯಾಕೆ ಅದರಂತೆ ಇರಬೇಕು? ಅದಕ್ಕೇ ಈಗ ತಿರುಗಿ ಕೇಳುತ್ತೇನೆ: ಫೋಟೋಶಾಪ್‌ನಲ್ಲಿ ನೀವು ಮಾಡುತ್ತಿದ್ದದ್ದೇನು? ಸ್ವಲ್ಪ ಹೊತ್ತು ಮೌನ. ಆಮೇಲೆ ಗೊತ್ತಾಗುವುದು ಇಷ್ಟು: ಅರ್ಜಿಗೆ ಹಾಕುವ ಫೋಟೋವನ್ನು ಕತ್ತರಿಸಿ, ಐವತ್ತು ಕೆಬಿಯೊಳಗೆ ಇಳಿಸುವುದು. ಅಷ್ಟಕ್ಕೆ ಗಿಂಪ್ ಕೂಡ ದಂಡ. ಜಿಥಂಬ್ ಸಾಕು: ಕತ್ತರಿಸಿ, ಅಳತೆ ಕಡಿಮೆ ಮಾಡಿ, ಉಳಿಸುವಾಗ ಜೆಪೆಗ್ ಗುಣಮಟ್ಟದ ಪಟ್ಟಿಯನ್ನು ಎಡಕ್ಕೆ ಎಳೆಯಿರಿ. ಚಿತ್ರ ಬರೆಯುವವರಿಗೆ ಕ್ರಿಟಾ, ಲೋಗೋ ಮಾಡುವವರಿಗೆ ಇಂಕ್‌ಸ್ಕೇಪ್, ಕ್ಯಾಮೆರಾದ ರಾ ಫೈಲ್ ಇರುವವರಿಗೆ ಡಾರ್ಕ್‌ಟೇಬಲ್. ಕೆಲಸದ ಹೆಸರು ಹೇಳಿದರೆ ಸಾಫ್ಟ್‌ವೇರ್ ಹೆಸರು ಹೇಳಬಹುದು. ಸಾಫ್ಟ್‌ವೇರ್ ಹೆಸರು ಹೇಳಿ ಇನ್ನೊಂದು ಸಾಫ್ಟ್‌ವೇರ್ ಹೆಸರು ಕೇಳಿದರೆ ಇಬ್ಬರಿಗೂ ತಲೆನೋವು.

ಲಿಸ್ಟ್ ಕಳಿಸುವುದನ್ನು ನಾನು ನಿಲ್ಲಿಸಿದ್ದು ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಂದಾಗಿ. ವಯಸ್ಸಿನಲ್ಲಿ ಹಿರಿಯರು, ನಿವೃತ್ತರಾದ ಮೇಲೂ ಸಂಘದ ಪತ್ರವ್ಯವಹಾರವೆಲ್ಲ ಅವರದೇ. ನಾನಲ್ಲ, ಬೇರೆ ಯಾರೋ ಅವರಿಗೆ 'ಲಿನಕ್ಸ್‌ನಲ್ಲಿ ಇರಲೇಬೇಕಾದ ಸಾಫ್ಟ್‌ವೇರ್' ಎಂಬ ಪಟ್ಟಿ ಕೊಟ್ಟಿದ್ದರು. ಒಂದೂ ಬಿಡದೆ ಹಾಕಿಕೊಂಡಿದ್ದರು. ಧ್ವನಿ ತಿದ್ದುವ ಆಡಾಸಿಟಿ, ವಿಡಿಯೋ ಜೋಡಿಸುವ ಕೆಡೆನ್‌ಲೈವ್, ಪರದೆ ರೆಕಾರ್ಡ್ ಮಾಡುವ ಓಬಿಎಸ್, ತ್ರೀಡಿ ಚಿತ್ರ ಮಾಡುವ ಬ್ಲೆಂಡರ್. ಸಂಘದ ನಡಾವಳಿಗೆ ಬ್ಲೆಂಡರ್! ಅಷ್ಟಾದ ಮೇಲೆ ನನಗೆ ಫೋನು.

"ಏನ್ರೀ, ಎಲ್ಲ ಹಾಕಿದೀನಿ, ಒಂದೂ ಸರಿಯಿಲ್ಲ. ನನ್ನ ಪತ್ರ ಕುಲಗೆಟ್ಟು ಹೋಗಿದೆ."

"ಯಾವ ಪತ್ರ ಸಾರ್?"

"ಒಂದೇ ಪುಟದ್ದು ಕಣ್ರೀ. ಈಗ ಎರಡು ಪುಟ ಆಗಿದೆ. ಎರಡನೇ ಪುಟದಲ್ಲಿ ನನ್ನ ಸಹಿ ಒಂದೇ ಕೂತಿದೆ."

ಹೋಗಿ ನೋಡಿದೆ. ನಿಜ. ಮೊದಲ ಪುಟದಲ್ಲಿ ಖರ್ಚಿನ ಟೇಬಲ್ಲು ಕೆಳಗಿನ ತನಕ ಇಳಿದಿತ್ತು, ಎರಡನೇ ಪುಟದ ನೆತ್ತಿಯಲ್ಲಿ 'ಇಂತಿ ತಮ್ಮ ವಿಶ್ವಾಸಿ' ಮಾತ್ರ. ಲಿಬ್ರೆಆಫೀಸೇ ಕೆಟ್ಟದ್ದು ಅಂತ ತೀರ್ಮಾನಿಸಿ ಅವರು ಇನ್ನೊಂದು ಆಫೀಸ್ ತಂದು ಹಾಕಿದ್ದರು. ಅದರಲ್ಲಿ ಟೇಬಲ್ಲಿನ ಕೊನೆಯ ಸಾಲು ಅತ್ತ ಜಿಗಿದಿತ್ತು. ಮೂರನೆಯದನ್ನು ಹುಡುಕುತ್ತಿದ್ದರು.

ನಾನು ಮಾಡಿದ್ದಿಷ್ಟೆ. ಲಿಬ್ರೆಆಫೀಸ್‌ನಲ್ಲಿ ಪತ್ರ ತೆರೆದು, ಪತ್ರದ ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿ, ಮೇಲೆ ಫಾಂಟಿನ ಹೆಸರು ಕಾಣುವ ಚೌಕ ತೋರಿಸಿದೆ. 'ಕ್ಯಾಲಿಬ್ರಿ' ಅಂತ ಓರೆ ಅಕ್ಷರದಲ್ಲಿತ್ತು. ಹೆಸರು ಓರೆಯಾಗಿ ಕಂಡರೆ ಆ ಫಾಂಟ್ ಈ ಕಂಪ್ಯೂಟರಿನಲ್ಲಿ ಇಲ್ಲ, ಅದರ ಜಾಗದಲ್ಲಿ ಬೇರೊಂದು ಕೂತಿದೆ ಅಂತ ಅರ್ಥ. 2007ರ ಆಫೀಸ್‌ನಿಂದ ಹಿಡಿದು ವರ್ಷಾನುಗಟ್ಟಲೆ ವರ್ಡ್ ತಾನಾಗಿ ಕೊಡುತ್ತಿದ್ದ ಫಾಂಟ್ ಕ್ಯಾಲಿಬ್ರಿ. ಅದು ಮೈಕ್ರೋಸಾಫ್ಟ್‌ನದು, ಲಿನಕ್ಸ್ ಜೊತೆ ಹಂಚುವಂತಿಲ್ಲ. ಜಾಗ ತುಂಬಲು ಬಂದ ಫಾಂಟ್ ಕೊಂಚ ಅಗಲ. ಪ್ರತಿ ಸಾಲಿನಲ್ಲೂ ಒಂದೊಂದು ಪದ ಕೆಳಗೆ ಬೀಳುತ್ತದೆ, ಟೇಬಲ್ಲಿನ ಮನೆಗಳು ಎತ್ತರವಾಗುತ್ತವೆ, ಕೊನೆಗೆ ಸಹಿ ಗಡೀಪಾರು. ಇದಕ್ಕೆ ಮದ್ದು ಕಾರ್ಲಿಟೋ ಎಂಬ ಮುಕ್ತ ಫಾಂಟ್. ನೋಡಲು ಬೇರೆ, ಆದರೆ ಅದರ ಒಂದೊಂದು ಅಕ್ಷರವೂ ಕ್ಯಾಲಿಬ್ರಿಯಷ್ಟೇ ಅಗಲ. ಕ್ಯಾಂಬ್ರಿಯಾಗೆ ಕ್ಯಾಲೇಡಿಯ ಇದೆ. ಏರಿಯಲ್, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಷನ್ ಫಾಂಟ್‌ಗಳಿವೆ. ಕಾರ್ಲಿಟೋ ಹಾಕಿ, ಲಿಬ್ರೆಆಫೀಸ್ ಮುಚ್ಚಿ ತೆರೆದೆ. ಸಹಿ ಮೊದಲ ಪುಟಕ್ಕೆ ವಾಪಸ್ ಬಂತು.

"ಇಷ್ಟೇನಾ?" ಅಂದರು. ಸ್ವಲ್ಪ ಬೇಜಾರಾದ ಹಾಗೂ ಕಂಡಿತು. ಬ್ಲೆಂಡರ್ ಹಾಕಿದ ಮನುಷ್ಯನಿಗೆ ಫಾಂಟ್ ಒಂದರಿಂದ ಸಮಸ್ಯೆ ಮುಗಿದರೆ ಬೇಜಾರಾಗುವುದೇ.

ಅವತ್ತು ನನಗನ್ನಿಸಿದ್ದು, ಇವರು ನನ್ನನ್ನು ಕೇಳಬೇಕಾಗಿದ್ದದ್ದು ಸಾಫ್ಟ್‌ವೇರ್ ಬಗ್ಗೆ ಅಲ್ಲವೇ ಅಲ್ಲ, ಫೈಲುಗಳ ಬಗ್ಗೆ. 'ಇಷ್ಟು ವರ್ಷ ನಾನು ಕೂಡಿಟ್ಟದ್ದು ಅಲ್ಲಿ ತೆರೆಯುತ್ತಾ? ನಾಳೆ ಈ ಪ್ರೋಗ್ರಾಂ ನಿಂತುಹೋದರೆ ಇನ್ನೊಂದರಲ್ಲಿ ತೆರೆಯುತ್ತಾ?' ಇದನ್ನು ಯಾರೂ ಕೇಳಿದ್ದೇ ಇಲ್ಲ. ಕೇಳಿದರೂ ವಿಂಡೋಸ್ ಅಳಿಸಿದ ಮೇಲೆ ಕೇಳುತ್ತಾರೆ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಆದ್ದರಿಂದ ಯಾರೂ ಕೇಳದ ಈ ಪ್ರಶ್ನೆಗೆ ನಾನಾಗಿಯೇ ಉತ್ತರ ಹೇಳುತ್ತೇನೆ. ವಿಂಡೋಸ್ ಇನ್ನೂ ಇರುವಾಗಲೇ ಕೂತು ನೋಡಿ. ಔಟ್‌ಲುಕ್‌ನಲ್ಲಿ ಹಳೆಯ ಮೇಲ್‌ಗಳು ಪಿಎಸ್‌ಟಿ ಫೈಲಿನಲ್ಲಿ ಬಂಧಿಯಾಗಿವೆಯಾ? ಲಿನಕ್ಸ್‌ನ ಥಂಡರ್‌ಬರ್ಡ್ ಆ ಫೈಲನ್ನು ನೇರವಾಗಿ ತೆರೆಯುವುದಿಲ್ಲ. ಔಟ್‌ಲುಕ್ ಇರುವಾಗಲೇ ಐಮ್ಯಾಪ್ ಖಾತೆಯೊಂದನ್ನು (ಮೇಲ್‌ಗಳು ಸರ್ವರ್‌ನಲ್ಲೇ ಉಳಿಯುವ ಬಗೆಯದು) ಜೋಡಿಸಿ ಮೇಲ್‌ಗಳನ್ನು ಅದರ ಫೋಲ್ಡರಿಗೆ ಎಳೆದು ಹಾಕಿ. ಆಮೇಲೆ ಎಲ್ಲಿಂದ ಬೇಕಾದರೂ ತೆರೆಯಬಹುದು. ಪಾಸ್‌ವರ್ಡುಗಳು ಬ್ರೌಸರಿನಲ್ಲಿವೆಯಾ? ಸಿಎಸ್‌ವಿಯಾಗಿ (ಸಾದಾ ಪಠ್ಯದ ಪಟ್ಟಿ) ರಫ್ತು ಮಾಡಿ ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಪೆಟ್ಟಿಗೆಗೆ ಸೇರಿಸಿ, ಆ ಸಿಎಸ್‌ವಿಯನ್ನು ಅಳಿಸಿ, ಯಾಕೆಂದರೆ ಅದರಲ್ಲಿ ಎಲ್ಲವೂ ಬಿಚ್ಚಿಟ್ಟಂತಿರುತ್ತದೆ. ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಇದೆಯಾ? ಲಿನಕ್ಸ್ ಅದನ್ನು ತೆರೆಯಬಲ್ಲದು, ಆದರೆ ಕೀಲಿ ನಿಮ್ಮ ಕೈಯಲ್ಲಿರಬೇಕು. ಕೀಲಿಯನ್ನು ಅದೇ ಡಿಸ್ಕಿನೊಳಗೆ ಜೋಪಾನವಾಗಿ ಇಟ್ಟವರೂ ನನಗೆ ಗೊತ್ತು. ಎಕ್ಸೆಲ್‌ನಲ್ಲಿ ಮ್ಯಾಕ್ರೋ (ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ಬರೆಸಿಕೊಂಡಿದ್ದೀರಾ? ಕೆಲವು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಓಡುತ್ತವೆ, ಕೆಲವು ಓಡುವುದಿಲ್ಲ. ಯಾವುದು ಅಂತ ಓಡಿಸಿಯೇ ನೋಡಬೇಕು. ಒಳ್ಳೆಯ ಸುದ್ದಿ ಏನೆಂದರೆ ಲಿಬ್ರೆಆಫೀಸ್, ಫೈರ್‌ಫಾಕ್ಸ್, ಥಂಡರ್‌ಬರ್ಡ್, ವಿಡಿಯೋ ನೋಡುವ ವಿಎಲ್‌ಸಿ ಎಲ್ಲವೂ ವಿಂಡೋಸ್‌ನಲ್ಲೂ ಸಿಗುತ್ತವೆ. ಒಂದು ತಿಂಗಳು ಅಲ್ಲೇ ಬಳಸಿ, ಜಗಳ ಎಲ್ಲ ಅಲ್ಲೇ ಮುಗಿಸಿ, ಆಮೇಲೆ ಬನ್ನಿ. ಅಷ್ಟು ಮಾಡಿ ಬಂದವರು ನನಗೆ ಫೋನ್ ಮಾಡುವುದೇ ಕಡಿಮೆ.

ಹೊಸದಾಗಿ ಬರೆಯುವುದನ್ನು ಲಿಬ್ರೆಆಫೀಸ್ ತಾನಾಗಿ ಬಳಸುವ ಓಡಿಎಫ್‌ನಲ್ಲಿ ಉಳಿಸಿ. 2006ರಲ್ಲೇ ಐಎಸ್‌ಒ ಮಾನಕವಾದ ರೂಪ ಅದು, ಈಗ ವರ್ಡ್ ಕೂಡ ತೆರೆಯುತ್ತದೆ. ಬೇರೆಯವರಿಗೆ ಕಳಿಸುವಾಗ, ಅವರು ತಿದ್ದಬೇಕಾಗಿಲ್ಲದಿದ್ದರೆ, ಪಿಡಿಎಫ್ ಕಳಿಸಿ.

ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಮುಖ್ಯ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಚಿಂದಿಯಾಗಿ ಕಾಣುತ್ತವೆ. ಅದು ಲಿನಕ್ಸ್‌ನ ತಪ್ಪಲ್ಲ. ಫೈಲಿನೊಳಗೆ ಕನ್ನಡ ಎಂದೂ ಇರಲೇ ಇಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಆ ಫಾಂಟ್ ಕನ್ನಡದ ವೇಷ ಹಾಕುತ್ತಿತ್ತು ಅಷ್ಟೆ. ಯೂನಿಕೋಡಿಗೆ ಪರಿವರ್ತಿಸಿಕೊಂಡು ಬನ್ನಿ. ಕೀಲಿಮಣೆಗೆ ಐಬಸ್ (ಬೇರೆ ಬೇರೆ ಭಾಷೆಯ ಟೈಪಿಂಗ್ ನೋಡಿಕೊಳ್ಳುವ ಪ್ರೋಗ್ರಾಂ) ಜೊತೆ ಎಂ17ಎನ್ ಎಂಬ ವಿನ್ಯಾಸಗಳ ಕಟ್ಟು ಹಾಕಿದರೆ ನುಡಿಯಲ್ಲಿ ಬಳಸುವ ಕೆಜಿಪಿ ವಿನ್ಯಾಸವೂ ಸಿಗುತ್ತದೆ, ಇನ್‌ಸ್ಕ್ರಿಪ್ಟೂ ಸಿಗುತ್ತದೆ. ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಿಲ್ಲ.

ನಾನೇ ಒತ್ತಾಯ ಮಾಡಿ ಹಾಕಿಸುವುದು ಎರಡು. ಒಂದು ಟೈಮ್‌ಶಿಫ್ಟ್: ಸಿಸ್ಟಂ ಕೆಟ್ಟರೆ ನಿನ್ನೆಯ ಸ್ಥಿತಿಗೆ ಮರಳಿಸುತ್ತದೆ. ಮಿಂಟ್‌ನಲ್ಲಿ ಮೊದಲೇ ಇರುತ್ತದೆ, ಚಾಲೂ ಮಾಡಬೇಕಷ್ಟೆ. ಆದರೆ ಅದು ಮಾಮೂಲಿಯಾಗಿ ನಿಮ್ಮ ಫೋಟೋ, ಪತ್ರಗಳನ್ನು ಮುಟ್ಟುವುದಿಲ್ಲ. ಅದಕ್ಕಾಗಿಯೇ ಎರಡನೆಯದು, ದೇಜಾ ಡುಪ್: ಹೊರಗಿನ ಡಿಸ್ಕಿಗೆ ಬ್ಯಾಕಪ್. ಇದನ್ನು ಹೇಳಿದಾಗ ಎಲ್ಲರೂ "ಆಯ್ತಾಯ್ತು, ಮಾಡ್ತೀನಿ" ಅನ್ನುತ್ತಾರೆ, ಯಾವ ಧ್ವನಿಯಲ್ಲಿ ಅಂತ ನಿಮಗೂ ಗೊತ್ತು.

ಕೊನೆಗೆ, ಕೆಲವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ, ಆಗ ಲಿನಕ್ಸ್ ಭಕ್ತರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬರಲಿ. ಆಟೋಕ್ಯಾಡ್‌ನಲ್ಲಿ ನಕ್ಷೆ ಬರೆದು ಹೊಟ್ಟೆ ಹೊರೆಯುವವರು, ದಿನವಿಡೀ ಅಡೋಬಿಯಲ್ಲೇ ಕೂತು ಗ್ರಾಹಕರಿಗೆ ಫೈಲ್ ಕೊಡಬೇಕಾದವರು ವಿಂಡೋಸನ್ನೋ ಮ್ಯಾಕನ್ನೋ ಇಟ್ಟುಕೊಳ್ಳಿ. ವೈನ್ ಎಂಬ ಸಾಫ್ಟ್‌ವೇರ್ 1993ರಿಂದ ಇದೆ, ಎಷ್ಟೋ ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುತ್ತದೆ. ಆಟಗಳ ಕಂಪನಿ ವಾಲ್ವ್ 2018ರಲ್ಲಿ ವೈನ್ ಆಧರಿಸಿದ ಪ್ರೋಟಾನ್ ತಂದ ಮೇಲೆ ಆಟಗಳ ವಿಷಯದಲ್ಲಿ ಪರಿಸ್ಥಿತಿ ಬಹಳ ಸುಧಾರಿಸಿದೆ, ಕಳ್ಳಾಟ ಹಿಡಿಯಲು ಕರ್ನಲ್ಲಿಗೇ ಕೈಹಾಕುವ ಕೆಲವು ಆನ್‌ಲೈನ್ ಆಟಗಳನ್ನು ಬಿಟ್ಟು. ಆದರೆ ನಾಳೆ ಬೆಳಿಗ್ಗೆ ಕೊಡಬೇಕಾದ ಕೆಲಸವನ್ನು ಇವತ್ತು ರಾತ್ರಿ ವೈನ್ ಮೇಲೆ ಹೊರಿಸಬೇಡಿ. ರ‍್ಯಾಮ್ ಸಾಕಷ್ಟಿದ್ದರೆ ವರ್ಚುವಲ್‌ಬಾಕ್ಸ್‌ನೊಳಗೆ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ವಿಂಡೋಸ್ ಇಟ್ಟುಕೊಳ್ಳಿ, ಇಲ್ಲವಾದರೆ ಡಿಸ್ಕನ್ನು ಪಾಲು ಮಾಡಿ ಎರಡನ್ನೂ ಇಟ್ಟುಕೊಳ್ಳಿ. ಪಾಲು ಮಾಡುವ ಮುಂಚೆ ಬ್ಯಾಕಪ್ ಆಗಿದೆಯಾ ಅಂತ ಕೇಳುತ್ತೇನೆ. ಇಲ್ಲ ಅಂದರೆ ನಾನು ಬರುವುದಿಲ್ಲ.