ದಾರದ ಬೆಟ್ಟ ಮುಗಿಸುವ ದಿನ

ಹೊಲಿಗೆ ಮಷಿನ್ನಿನಲ್ಲಿ ದಾರದಿಂದಲೇ ಬಿಡಿಸುತ್ತಿರುವ ಈ ಚಿತ್ರ ಕುದುರೆಮುಖದ ಕಡೆಯದು. ಹುಲ್ಲು ಹೊದ್ದ ಬೆಟ್ಟ, ಅದರ ಮಡಿಕೆಗಳಲ್ಲಿ ಮಾತ್ರ ಒತ್ತಾಗಿ ಕೂತ ಶೋಲಾ ಕಾಡು, ಹಿಂದೆ ಮಂಜಿನಲ್ಲಿ ನೀಲಿ ತಿರುಗಿದ ಇನ್ನೆರಡು ಸಾಲು. ಅಳತೆ 12 × 16 ಇಂಚು. ಬಟ್ಟೆ ಮಾತ್ರ 20 × 24, ಸುತ್ತ 4 ಇಂಚು ಬಿಟ್ಟಿದ್ದು ಯಾಕೆಂದು ಕೊನೆಗೆ ಗೊತ್ತಾಗುತ್ತದೆ. ಆಕಾಶ, ದೂರದ ಬೆಟ್ಟ, ಕಾಡು ಹೊಲಿದಾಗಿದೆ. ಉಳಿದಿರುವುದು ಎದುರಿನ ಹುಲ್ಲು, ಆಮೇಲೆ ನೆನೆಸುವುದು, ಎಳೆದು ಒಣಗಿಸುವುದು, ಇಸ್ತ್ರಿ, ಫ್ರೇಮು. ವಾರಗಟ್ಟಲೆ ಹೊಲಿದ ಚಿತ್ರ ಕೆಡುವುದು ಹೆಚ್ಚಾಗಿ ಇಲ್ಲೇ.

ಈ ಕೆಲಸಕ್ಕೆ ಕಂಪ್ಯೂಟರ್ ಎಂಬ್ರಾಯಿಡರಿ ಮಷಿನ್ ಬೇಕಿಲ್ಲ, ಮನೆಯ ಕಾಲುಮಷಿನ್ ಸಾಕು. ಬಟ್ಟೆಯನ್ನು ಕೈಯಿಂದಲೇ ಸರಿಸಬೇಕಾದ್ದರಿಂದ, ಅದನ್ನು ಅಡಿಯಿಂದ ಮುಂದೂಡುವ ಹಲ್ಲು ಇಳಿಸಬೇಕು, ಇಳಿಯದ ಹಳೇ ಮಷಿನ್ ಆದರೆ ಹಲ್ಲು ಮುಚ್ಚುವ ಪ್ಲೇಟ್ ಹಾಕಬೇಕು. ಹೊಲಿಗೆಯ ಉದ್ದ ಸೊನ್ನೆಗೆ, ಮೇಲಿನ ದಾರದ ಬಿಗಿ, ಅಂದರೆ ಟೆನ್ಷನ್, 4ರಿಂದ ಎರಡೂವರೆಗೆ. ಮೇಲೆ 40 ನಂಬರಿನ ಪಾಲಿಯೆಸ್ಟರ್ ಎಂಬ್ರಾಯಿಡರಿ ದಾರ, ಬಾಬಿನ್ನಿಗೆ 60ರ ತೆಳು ದಾರ. ರೇಯಾನ್ ದಾರದ ಹೊಳಪು ಇನ್ನೂ ಚಂದ ನಿಜ, ಆದರೆ ನೀರು ಕುಡಿದಾಗ ಅದರ ಬಲ ಕುಗ್ಗುತ್ತದೆ, ಗಾಢ ಕೆಂಪು ಬಣ್ಣ ಬಿಡುವುದೂ ಉಂಟು. ನೆನೆಸಲೇಬೇಕಾದ ಚಿತ್ರಕ್ಕೆ ಪಾಲಿಯೆಸ್ಟರೇ ವಾಸಿ. ದೂರದ ಬೆಟ್ಟಕ್ಕೆ ಮಾತ್ರ ಹೊಳಪಿಲ್ಲದ ಹತ್ತಿ ದಾರ. ಹೊಳಪು ಕಣ್ಣನ್ನು ಮುಂದಕ್ಕೆ ಎಳೆಯುತ್ತದೆ. ಹಿಂದಿನ ಸಾಲು ಮಿನುಗಿದರೆ ಬಣ್ಣ ಎಷ್ಟೇ ತಿಳಿಯಾಗಿರಲಿ, ಬೆಟ್ಟ ದೂರ ಹೋಗುವುದಿಲ್ಲ.

ಹುಲ್ಲಿಗೆ 16ನೇ ನಂಬರ್ ಸೂಜಿ, ಒಂದೇ ಕಣ್ಣಿನಲ್ಲಿ ಎರಡು ದಾರ: ಒಂದು ಎಳೆಹಸಿರು, ಒಂದು ಒಣಹುಲ್ಲಿನ ಹಳದಿ. ಎರಡೂ ಒಟ್ಟಿಗೆ ಬಿದ್ದಾಗ ಯಾವುದು ಮೇಲೆ ಬರುತ್ತದೆಂದು ಹೊಲಿಯುವವರಿಗೂ ಗೊತ್ತಿರುವುದಿಲ್ಲ, ಹುಲ್ಲಿಗೆ ಬೇಕಾದದ್ದೂ ಅದೇ. ಒಂದೇ ಬಣ್ಣದಲ್ಲಿ ತುಂಬಿದ ಹುಲ್ಲು ಹೋಟೆಲ್ ಲಾಬಿಯ ಪ್ಲಾಸ್ಟಿಕ್ ಹಾಸಿನಂತೆ ಕಾಣುತ್ತದೆ. ಬುಡದಿಂದ ಮೇಲಕ್ಕೆ ಎಳೆದು, ಅದೇ ಗೆರೆಯಲ್ಲಿ ಅರ್ಧ ವಾಪಸು ಬಂದು, ಪಕ್ಕಕ್ಕೆ ಸರಿದು ಇನ್ನೊಂದು ಎಳೆ. ತುದಿಗಳು ಒಂದೇ ಎತ್ತರಕ್ಕೆ ನಿಂತರೆ ಬೇಲಿಯಾಗುತ್ತದೆ.

ದಾರ ಕಡಿಯುತ್ತಿದ್ದರೆ ತಪ್ಪು ಹೆಚ್ಚಾಗಿ ಕೈಯದ್ದು. ಕಾಲು ನಿಧಾನವಾಗಿದ್ದು ಕೈ ಬಟ್ಟೆ ಬಿಗಿದ ರಿಂಗನ್ನು ಬೇಗ ಸರಿಸಿದರೆ ಸೂಜಿ ಬಾಗಿ ಅದರ ಕೆಳಗಿನ ಪ್ಲೇಟಿಗೆ ಬಡಿಯುತ್ತದೆ. ಕಾಲು ಜೋರಾಗಿದ್ದು ಕೈ ನಿಂತರೆ ಒಂದೇ ಜಾಗದಲ್ಲಿ ಹೊಲಿಗೆ ಗುಡ್ಡೆಯಾಗುತ್ತದೆ. ಎರಡೂ ಸರಿಯಿದ್ದೂ ಕಡಿಯುತ್ತಿದ್ದರೆ ಸೂಜಿ ಬದಲಾಯಿಸಿ, ಆಮೇಲೆ ಪ್ಲೇಟಿನ ತೂತಿನ ಅಂಚನ್ನು ಉಗುರಿನಿಂದ ಸವರಿ ನೋಡಿ. ಅಲ್ಲಿ ಗೀರು ಬಿದ್ದಿದ್ದರೆ ಯಾವ ದಾರವೂ ಉಳಿಯದು. ಅಡಿಯಲ್ಲಿ ಗಂಟು ಕಟ್ಟಿದರೆ ಹೆಚ್ಚಾಗಿ ಬಟ್ಟೆ ಒತ್ತುವ ಫುಟ್ ಇಳಿಸುವ ಲಿವರ್ ಮೇಲೇ ಉಳಿದಿರುತ್ತದೆ. ಅದು ಇಳಿಯದೆ ಟೆನ್ಷನ್ ಹಿಡಿಯುವುದೇ ಇಲ್ಲ.

ಬಂಡೆಯ ಮೇಲಿನ ಪಾಚಿಗೆ ಒಂದು ಉಪಾಯ. ಬಾಬಿನ್ ಕೇಸಿನ ಸಣ್ಣ ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿ, ಮೇಲಿನ ಟೆನ್ಷನ್ ಬಿಗಿ ಮಾಡಿದರೆ ಕೆಳಗಿನ ದಾರ ಮೇಲೆದ್ದು ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ಇದಕ್ಕೆಂದೇ ಇನ್ನೊಂದು ಬಾಬಿನ್ ಕೇಸ್ ಇಟ್ಟುಕೊಂಡು ಉಗುರುಬಣ್ಣದ ಚುಕ್ಕೆ ಹಾಕಿಡುವುದು ಜಾಣತನ. ದಿನಾ ಹೊಲಿಯುವ ಕೇಸಿನ ಸ್ಕ್ರೂ ಮುಟ್ಟಿದರೆ ಮರುದಿನ ರವಿಕೆ ಹೊಲಿಗೆ ಕೂರುವುದಿಲ್ಲ.

ಇನ್ನು ಸುಕ್ಕು. ಪ್ರತಿ ಹೊಲಿಗೆಯೂ ತಾನು ಸಾಗಿದ ದಿಕ್ಕಿನಲ್ಲಿ ಬಟ್ಟೆಯನ್ನು ಕೂದಲೆಳೆಯಷ್ಟು ಕುಗ್ಗಿಸುತ್ತದೆ. ಶೋಲಾ ಕಾಡಿನ ಒತ್ತಾದ ತುಂಡು ಕುಗ್ಗುತ್ತದೆ, ಸುತ್ತಲಿನ ಹುಲ್ಲುಗಾವಲು ಕುಗ್ಗುವುದಿಲ್ಲ. ಎರಡರ ನಡುವಿನ ಅಂಚಿನಲ್ಲಿ ಅಲೆ ಏಳುತ್ತದೆ. ಅದಕ್ಕೇ ಕಾಡನ್ನು ನಡುವಿನಿಂದ ಹೊರಕ್ಕೆ ಹೊಲಿಯಬೇಕು, ಅಂಚಿಗೆ ಬರುತ್ತಾ ಹೊಲಿಗೆ ವಿರಳವಾಗಬೇಕು. ಆಕಾಶವನ್ನು ಬಟ್ಟೆಬಣ್ಣದಲ್ಲೇ ಬಳಿದು, ಮೇಲೆ ನಾಲ್ಕಾರು ಅಡ್ಡ ಎಳೆ ಓಡಿಸಿ ಬಿಡುವುದು ಸರಿ ಎಂಬುದು ನನ್ನ ಪಕ್ಷ. ಪೂರ್ತಿ ದಾರದಲ್ಲೇ ತುಂಬುತ್ತೇನೆಂದು ಹೊರಟರೆ ಚಿತ್ರದ ಮೇಲ್ಭಾಗ ಕೆಳಭಾಗಕ್ಕಿಂತ ಕಿರಿದಾಗುತ್ತದೆ, ಫ್ರೇಮಿನಲ್ಲಿ ಇಟ್ಟಾಗ ಬೆಟ್ಟವೇ ವಾಲುತ್ತದೆ. ಹುಲ್ಲನ್ನೂ ಎಡದಿಂದ ಬಲಕ್ಕೆ ತುಂಬುತ್ತಾ ಹೋಗಬಾರದು. ಇಲ್ಲೊಂದು ಪೊದೆ, ಅಲ್ಲೊಂದು ಪೊದೆ ಹಾಕಿ, ಆಮೇಲೆ ನಡುವೆ ತುಂಬಬೇಕು.

ಸಾಕೋ ಇನ್ನೂ ಬೇಕೋ ಎಂದು ತಿಳಿಯಲು ಆರಡಿ ದೂರ ನಿಂತು ನೋಡಿ, ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಅದರಲ್ಲಿ ಕಾಡು ಮತ್ತು ಎದುರಿನ ಹುಲ್ಲು ಒಂದೇ ಬೂದು ಬಣ್ಣವಾಗಿ ಕಂಡರೆ ಕೊರತೆಯಿರುವುದು ದಾರದಲ್ಲಲ್ಲ, ನೆರಳಿನಲ್ಲಿ. ಹುಲ್ಲಿನ ಬುಡಕ್ಕೆ ಗಾಢ ಕಂದು ಒಂದು ಸುತ್ತು ಓಡಿಸಿದರೆ ಸಾಕು.

ಹೊಲಿಗೆ ಮುಗಿಯಿತು. ಉದ್ದ ತುದಿಗಳನ್ನು ಹಿಂದಕ್ಕೆ ಎಳೆದು ಗಂಟು ಹಾಕಿ ಕತ್ತರಿಸಿ. ಬಟ್ಟೆಗೆ ಆಸರೆಯಾಗಿ ಹಿಂದೆ ಇಟ್ಟಿದ್ದ ಪೇಪರನ್ನು ಹೆಬ್ಬೆರಳಿನಿಂದ ಹೊಲಿಗೆ ಒತ್ತಿ ಹಿಡಿದು ಹರಿಯಿರಿ. ಸುಮ್ಮನೆ ಜಗ್ಗಿದರೆ ಹೊಲಿಗೆಯೂ ಜಗ್ಗುತ್ತದೆ. ನೀರಿನಲ್ಲಿ ಕರಗುವ ಹಾಳೆ ಹಾಕಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಎರಡು ಮೂರು ಸಲ ನೀರು ಬದಲಾಯಿಸಿ. ಅಂಟು ಉಳಿದರೆ ಬಟ್ಟೆ ಗಂಜಿ ಹಾಕಿದಂತೆ ಸೆಟೆದು ನಿಲ್ಲುತ್ತದೆ. ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಬೇಕು.

ಒದ್ದೆಯಿರುವಾಗಲೇ ದಪ್ಪ ಥರ್ಮಾಕೋಲ್ ಮೇಲೆ ಹರಡಿ ತುಕ್ಕು ಹಿಡಿಯದ ಪಿನ್ನು ಚುಚ್ಚಿ. ಮೊದಲು ನಾಲ್ಕೂ ಬದಿಯ ನಡುಮಧ್ಯ, ಆಮೇಲೆ ಎದುರುಬದುರು ಎಳೆಯುತ್ತಾ ಮೂಲೆಗೆ, ಇಂಚಿಗೊಂದು. ಸುತ್ತ ಬಿಟ್ಟ 4 ಇಂಚು ಕೆಲಸಕ್ಕೆ ಬರುವುದು ಈಗ: ಪಿನ್ನಿನ ತೂತು, ಎಳೆತ ಎಲ್ಲ ಅದರ ಮೇಲೆ ಬೀಳಬೇಕು, ಚಿತ್ರದ ಮೇಲಲ್ಲ. ಫ್ಯಾನಿನ ಕೆಳಗೆ ಪೂರಾ ಒಣಗಲಿ, ಬಿಸಿಲು ಬೇಡ. ಇಸ್ತ್ರಿ ಕೊನೆಗೆ, ದಪ್ಪ ಟವೆಲ್ ಮೇಲೆ ಚಿತ್ರ ಕೆಳಮುಖವಾಗಿಟ್ಟು, ಸಾಧಾರಣ ಬಿಸಿಯಲ್ಲಿ ಒತ್ತಿ ಎತ್ತುವುದಷ್ಟೇ. ಉಜ್ಜಿದರೆ ಹುಲ್ಲಿನ ಉಬ್ಬು ಚಪ್ಪಟೆಯಾಗುತ್ತದೆ.

ಬೋರ್ಡಿಗೆ ಅಂಟು ಹಾಕಬೇಡಿ. ಆಮ್ಲರಹಿತ ಮೌಂಟ್ ಬೋರ್ಡಿನ ಹಿಂದೆ ಗಟ್ಟಿ ದಾರದಿಂದ ಅಂಚಿನಿಂದ ಅಂಚಿಗೆ ಬಿಗಿದು ಕಟ್ಟಿದರೆ ಮುಂದೆಂದಾದರೂ ಬಿಚ್ಚಬಹುದು. ಗಾಜು ದಾರಕ್ಕೆ ತಾಗದಂತೆ ನಡುವೆ ಕಾಲಿಂಚು ಜಾಗ ಬಿಡಲು ಫ್ರೇಮಿನವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಒತ್ತಿ ಕೂರಿಸಿಬಿಡುತ್ತಾರೆ. ಮಲೆನಾಡಿನವರಾದರೆ ಮಳೆಗಾಲ ಕಳೆಯುವವರೆಗೆ ಫ್ರೇಮು ಹಾಕಿಸಲೇಬೇಡಿ. ತೇವ ಒಳಗೆ ಸಿಕ್ಕಿಕೊಂಡರೆ ಮೊದಲು ಬೂಸ್ಟು ಹಿಡಿಯುವುದು ಆ ಹತ್ತಿ ದಾರದ ದೂರದ ಬೆಟ್ಟಕ್ಕೆ.